ಮೊದಲು ಓದಬೇಕಾದ್ದು ಗೀತೆಯೋ, ಕಠೋಪನಿಷತ್ತೋ?

ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಪ್ರವಚನ ಕೇಳಿ ಬಂದ ಗೆಳೆಯರು ಇದನ್ನೇ ಕೇಳುತ್ತಾರೆ.

ಗೀತೆಯಲ್ಲಿ 18 ಅಧ್ಯಾಯ, 700 ಶ್ಲೋಕ. ರಣರಂಗದಲ್ಲಿ ಬಿಲ್ಲು ಕೆಳಗಿಟ್ಟು ಕುಳಿತ ಅರ್ಜುನನ ಚಿಂತೆ, ಈಗ ಏನು ಮಾಡಲಿ ಎಂಬುದು. ಹೊಲದ ಪಾಲಿಗಾಗಿ ಅಣ್ಣತಮ್ಮಂದಿರ ಎದುರು ನಿಂತವರಿಗೆ ಅದೇ ಹತ್ತಿರ.

ಕಠೋಪನಿಷತ್ತು ಚಿಕ್ಕದು, 6 ವಲ್ಲಿಗಳು, ಅಂದರೆ ಭಾಗಗಳು. ಸಾವಿನ ಆಚೆಗೆ ಏನು ಎಂದು ಪ್ರಶ್ನಿಸುವವನು ಹುಡುಗ ನಚಿಕೇತ, ಉತ್ತರಿಸುವವನು ಯಮ. ಹಾಲು ಬತ್ತಿದ ಮುದಿ ಹಸುಗಳನ್ನು ತಂದೆ ದಾನ ಕೊಡುವುದನ್ನು ಕಂಡು ನಚಿಕೇತನ ಮನಸ್ಸು ಕಲಕುತ್ತದೆ. ಬೇಡವಾದದ್ದನ್ನು ದೇವರ ಹೆಸರಿನಲ್ಲಿ ಕೊಟ್ಟು ಕೈತೊಳೆದುಕೊಳ್ಳುವ ನಮಗೆ ಆ ಪ್ರಸಂಗ ಇಂದಿಗೂ ಚುಚ್ಚುತ್ತದೆ, ಚುಚ್ಚಲೇಬೇಕು.

ಆತ್ಮಕ್ಕೆ ಹುಟ್ಟುಸಾವಿಲ್ಲ ಎಂಬ ಮಾತು ಎರಡರಲ್ಲೂ ಇದೆ, ಹೆಚ್ಚುಕಡಿಮೆ ಅದೇ ಶಬ್ದಗಳಲ್ಲಿ. ಆಪ್ತರನ್ನು ಈಚೆಗೆ ಕಳೆದುಕೊಂಡವರ ಕೈಗೆ ನಾನು ಕಠವನ್ನೇ ಇಡುತ್ತೇನೆ. ಉಳಿದವರು ಗೀತೆಯ ಎರಡನೆಯ ಅಧ್ಯಾಯದಿಂದ ಆರಂಭಿಸಲಿ, ದಿನಕ್ಕೆ ಐದೇ ಶ್ಲೋಕವಾದರೂ ಸರಿ.