ಬದನೆಕಾಯಿ ಆಕಾರದ ಕೇಕ್‌ಗೆ ಹೊದಿಕೆ: ಫಾಂಡೆಂಟೋ, ಬಟರ್‌ಕ್ರೀಮೋ?

ಫಾಂಡೆಂಟ್ ಎಂದರೆ ಲಟ್ಟಿಸಿ ಹೊದಿಸುವ ಸಕ್ಕರೆ ಕಣಕ, ಬಟರ್‌ಕ್ರೀಮ್ ಎಂದರೆ ಬೆಣ್ಣೆ, ಸಕ್ಕರೆ ಕಡೆದು ಬಳಿಯುವ ಕ್ರೀಮ್. ಹೊದಿಕೆ ಯಾವುದೇ ಇರಲಿ, ಒಳಗೆ ಗಟ್ಟಿಯಾದ ಬೆಣ್ಣೆ ಕೇಕೇ ಬೇಕು. ಮೆತ್ತನೆಯ ಸ್ಪಾಂಜ್ ಕೆತ್ತುವಾಗ ಪುಡಿಯಾಗುತ್ತದೆ. ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು, ಹಲ್ಲಿರುವ ಬ್ರೆಡ್ ಚಾಕುವಿನಿಂದ ತೆಳ್ಳಗೆ ಹೆರೆಯಿರಿ.

ಬದನೆಯ ಅಂದವೆಲ್ಲ ಹೊಳಪಿನಲ್ಲಿದೆ. ಅಲ್ಲಿ ಫಾಂಡೆಂಟೇ ಮುಂದು: 4 ಮಿ.ಮೀ. ದಪ್ಪಕ್ಕೆ ಲಟ್ಟಿಸಿ ಹೊದಿಸಿ, ಕೊನೆಗೆ ಒಂದೆರಡು ಕ್ಷಣ ಹಬೆ ತಾಗಿಸಿದರೆ ಸಿಪ್ಪೆ ಥಳಥಳಿಸುತ್ತದೆ. ಆದರೆ ಅಡಿಯಲ್ಲಿ ಗನಾಶ್ ಬಳಿಯಲೇಬೇಕು: ಡಾರ್ಕ್ ಚಾಕೊಲೇಟ್ 2 ಪಾಲು, ಕ್ರೀಮ್ 1 ಪಾಲು. ಇಲ್ಲವಾದರೆ ಕೇಕಿನ ಗುಳಿಗಳೆಲ್ಲ ಮೇಲೆ ಕಾಣುತ್ತವೆ. ಉಬ್ಬಿದ ಬುಡದ ಕೆಳಗೆ ನೆರಿಗೆ ಬಿದ್ದರೆ ಜಗ್ಗಬೇಡಿ, ಹರಿಯುತ್ತದೆ. ಅಂಚು ಬಿಡಿಸಿ ಅಂಗೈಯಿಂದ ಕೆಳಕ್ಕೆ ಸವರಿ.

ಬಟರ್‌ಕ್ರೀಮ್ ರುಚಿಯಲ್ಲಿ ಮೇಲು, ತಪ್ಪಿದರೆ ಮತ್ತೆ ಬಳಿದು ತಿದ್ದಬಹುದು. ಆ ಹೊಳಪು ಮಾತ್ರ ಬಾರದು. ಕಡುನೇರಳೆಗೆ ಜೆಲ್ ಬಣ್ಣ ಕಲಸಿ ಕೆಲವು ಗಂಟೆ ಬಿಡಿ, ತಾನೇ ಗಾಢವಾಗುತ್ತದೆ. ಅವಸರಕ್ಕೆ ಹೆಚ್ಚು ಬಣ್ಣ ಸುರಿದರೆ ಕಹಿ.

ಮಂಗಳೂರಿನ ಸೆಕೆಗೆ ಎರಡೂ ಬಳಲುತ್ತವೆ. ಬಟರ್‌ಕ್ರೀಮ್ ಜಾರುತ್ತದೆ, ಫ್ರಿಜ್‌ನಿಂದ ತೆಗೆದ ಫಾಂಡೆಂಟ್ ಬೆವರುತ್ತದೆ, ಮುಟ್ಟದೆ ಫ್ಯಾನಿನಡಿ ಇಡಿ.

ಹಿಂದಿನ ದಿನವೇ ಮಾಡಿ ದೂರ ಒಯ್ಯುವುದಿದ್ದರೆ ಫಾಂಡೆಂಟ್. ಮನೆಯಲ್ಲೇ ಕತ್ತರಿಸಿ ತಿನ್ನುವುದಾದರೆ ಬಟರ್‌ಕ್ರೀಮ್. ತೊಟ್ಟು ಮತ್ತು ಹಸಿರು ಟೊಪ್ಪಿಗೆಗಷ್ಟೇ ಒಂದು ಹಿಡಿ ಫಾಂಡೆಂಟ್ ಸಾಕು.