ಜೀವಾಮೃತ, ಅಪ್ಸೆಣಬು, ಕೆರೆ ಗೋಡು: ಕೋಲಾರದ ಕೆಂಪು ಹೊಲದಲ್ಲಿ ಯಾವುದು ಮೇಲು?

ಕೋಲಾರದ ಕಡೆಯ ಮಳೆಯಾಶ್ರಿತ ಹೊಲದ ದೊಡ್ಡ ಕಾಟ ಪರೆ. ಮಳೆ ಹುಯ್ದು ಎರಡು ದಿನ ಬಿಸಿಲು ಬಿದ್ದರೆ ಸಾಕು, ಕೆಂಪು ಮಣ್ಣಿನ ಮೇಲ್ಪದರ ಬಿಗಿದುಕೊಳ್ಳುತ್ತದೆ. ರಾಗಿ ಮೊಳಕೆ ಅದನ್ನು ಒಡೆಯಲಾರದೆ ಒಳಗೇ ಮುದುರುತ್ತದೆ. ಮುಂದಿನ ಮಳೆಯ ನೀರು ಇಂಗದೆ ಬದು ಹಾರಿ ಓಡುತ್ತದೆ. ಆದ್ದರಿಂದ ನಾನು ಗೊಬ್ಬರಗಳನ್ನು ಅಳೆದದ್ದು ಇಳುವರಿಗಿಂತ ಮೊದಲು ಈ ಪರೆಯಿಂದ. ಒಂದೇ ಹೊಲವನ್ನು ಪಟ್ಟಿಗಳಾಗಿ ಹಂಚಿ, ಎಲ್ಲ ಕಡೆಯೂ ರಾಗಿ ಬಿತ್ತಿ, ಅಕ್ಕಡಿ ಸಾಲಿಗೆ, ಅಂದರೆ ರಾಗಿಯ ನಡುನಡುವಿನ ಮಿಶ್ರಬೆಳೆಯ ಸಾಲಿಗೆ, ಅವರೆ, ತೊಗರಿ ಹಾಕಿ ನೋಡಿದೆ.

ಜೀವಾಮೃತದ ಲೆಕ್ಕ ನೈಸರ್ಗಿಕ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರ್ ಅವರಿಂದಾಗಿ ಈಗ ಬಹುತೇಕರಿಗೆ ಬಾಯಿಪಾಠ: 200 ಲೀಟರ್ ನೀರು, 10 ಕೆ.ಜಿ. ನಾಟಿ ಹಸುವಿನ ಸಗಣಿ, 5ರಿಂದ 10 ಲೀಟರ್ ಗಂಜಲ, ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು ತಲಾ 2 ಕೆ.ಜಿ., ಬದುವಿನ ಒಂದು ಹಿಡಿ ಮಣ್ಣು. ನೆರಳಲ್ಲಿ ಎರಡು ದಿನ ಕಳಿತರೆ ಒಂದು ಎಕರೆಗಾಯಿತು. ಖರ್ಚು ಕಡಿಮೆ, ಮನೆಯಲ್ಲೇ ಆಗುತ್ತದೆ. ಆದರೆ ಬರಿ ನೆಲಕ್ಕೆ ಹುಯ್ದ ಪಟ್ಟಿಯಲ್ಲಿ ಪರೆ ಇದ್ದ ಹಾಗೇ ಇತ್ತು. ಹೊಂಗೆ ಸೊಪ್ಪು ಹರಡಿ ಅದರ ಮೇಲೆ ಹುಯ್ದ ಕಡೆ ಮಾತ್ರ ಸೊಪ್ಪು ಬೇಗ ಕರಗಿ, ಅಡಿಯಲ್ಲಿ ಎರೆಹುಳುವಿನ ಹಿಕ್ಕೆ ಕಂಡಿತು. ಕಾರಣ ಸರಳ. ಎಕರೆಗೆ 10 ಕೆ.ಜಿ. ಸಗಣಿ ಮಣ್ಣಿನ ಜೀವಿಗಳಿಗೆ ಆಹಾರವಲ್ಲ, ಹೆಪ್ಪು ಅಷ್ಟೆ. ಹಾಲೇ ಇಲ್ಲದ ಪಾತ್ರೆಗೆ ಹೆಪ್ಪು ಹಾಕಿ ಏನು ಬಂತು?

ಹಸಿರೆಲೆ ಗೊಬ್ಬರದ ಗಿಡವಾದ ಅಪ್ಸೆಣಬು ಆ ಆಹಾರವನ್ನು ಹೊಲದಲ್ಲೇ ಬೆಳೆಯುತ್ತದೆ. ಭರಣಿ, ಕೃತ್ತಿಕೆ ಮಳೆಗೆ ಎಕರೆಗೆ ಸುಮಾರು 15 ಕೆ.ಜಿ. ಬೀಜ ಚೆಲ್ಲಿ, ಮೊದಲ ಹೂ ಕಾಣುತ್ತಲೇ, ಅಂದರೆ 45 ದಿನದ ಆಸುಪಾಸಿನಲ್ಲಿ, ಮಣ್ಣಿಗೆ ಸೇರಿಸಿ ಉಳಬೇಕು. ಉಳುವ ಮುಂಚೆ ಒಂದು ಗಿಡವನ್ನು ಮೆಲ್ಲಗೆ ಅಗೆದು ಬೇರು ನೋಡಿ. ಗಂಟುಗಳನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪಿದ್ದರೆ ಗಾಳಿಯ ಸಾರಜನಕ ಹಿಡಿಯುವ ಕೆಲಸ ನಡೆಯುತ್ತಿದೆ ಎಂದರ್ಥ. ಹೂ ಪೂರ್ತಿ ಬಿಟ್ಟು ಕಾಯಿ ಕಟ್ಟುವವರೆಗೂ ಬಿಡಬಾರದು. ಕಾಂಡ ನಾರಾದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಬಳಸಿಕೊಂಡು, ಎಳೆ ರಾಗಿ ಹಳದಿಗೆ ತಿರುಗುತ್ತದೆ. ಉತ್ತ ಮೇಲೆ ಎರಡು ಮೂರು ವಾರ ಬಿಟ್ಟೇ ಬಿತ್ತನೆ.

ಕೊಯ್ಲಾದ ಮೇಲೆ ಎರಡೂ ಪಟ್ಟಿಯ ಒಣ ಹೆಂಟೆಗಳನ್ನು ಎರಡು ಲೋಟ ನೀರಲ್ಲಿ ಇಳಿಬಿಟ್ಟೆ. ಬರೀ ಜೀವಾಮೃತದ ನೆಲದ ಹೆಂಟೆ ನೋಡನೋಡುತ್ತ ಕುಸಿದು ನೀರೆಲ್ಲ ಕೆಂಪಾಯಿತು. ಅಪ್ಸೆಣಬಿನ ನೆಲದ್ದು ಅಂಚು ಉದುರಿದರೂ ಆಕಾರ ಬಿಡಲಿಲ್ಲ. ಕೊಳೆತ ಬೇರು, ಶಿಲೀಂಧ್ರದ ಎಳೆ, ಸೂಕ್ಷ್ಮಜೀವಿಗಳ ಅಂಟು ಸೇರಿ ಮಣ್ಣಿನ ಕಣಗಳನ್ನು ಹಿಡಿದಿಟ್ಟರೆ ಹೀಗಾಗುತ್ತದೆ. ಅಂಥ ಮಣ್ಣು ಮಳೆ ಹನಿಯ ಏಟಿಗೆ ಚದುರುವುದು ಕಡಿಮೆ, ಹಾಗಾಗಿ ಪರೆಯೂ ಕಡಿಮೆ. ನನ್ನ ಮತ ಅಪ್ಸೆಣಬಿಗೆ.

ಇದಕ್ಕೂ ಒಂದು ತೊಡಕಿದೆ: ಮುಂಗಾರಿಗೆ ಮುಂಚಿನ ಮಳೆ ಕೈಕೊಟ್ಟರೆ ಗಿಡ ಮೊಣಕಾಲೆತ್ತರಕ್ಕೇ ನಿಂತು ಹೋಗುತ್ತದೆ. ಅಂಥ ವರ್ಷ ಬದುವಿನ ಹೊಂಗೆ, ಗ್ಲಿರಿಸಿಡಿಯಾ ಸೊಪ್ಪೇ ದಿಕ್ಕು. ರಾಗಿ ಹುಲ್ಲನ್ನು ಮುಚ್ಚಿಗೆಗೆ ಹಾಕಿ ಎಂದು ಹೇಳುವವರಿದ್ದಾರೆ. ಹಸು ಕಟ್ಟಿದ ಮನೆಯಲ್ಲಿ ಅದು ನಡೆಯುವ ಮಾತಲ್ಲ.

ಕೆರೆ ಗೋಡು, ಅಂದರೆ ಕೆರೆಯಂಗಳದ ಹೂಳು, ಮರಳು ಹೆಚ್ಚಿರುವ ತಾಕಿಗೆ ಒಳ್ಳೆಯದೇ. ಅದರ ಜೇಡಿ ತೇವ ಹಿಡಿಯುತ್ತದೆ, ಒಮ್ಮೆ ಹೊಡೆಸಿದರೆ ವರ್ಷಗಟ್ಟಲೆ ಉಳಿಯುತ್ತದೆ. ಆದರೆ ಟ್ರ್ಯಾಕ್ಟರ್ ಬಾಡಿಗೆ ಭಾರ. 2018ರಿಂದ ಬೆಂಗಳೂರಿನ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ಹರಿಯುತ್ತಿರುವ ಕೆರೆಗಳಲ್ಲಿ ಅಂಗಳ ಒಣಗುವುದೇ ಅಪರೂಪ, ಗೋಡು ತೆಗೆಯುವುದು ಎಲ್ಲಿಂದ? ಒಣಗಿದ ಕೆರೆ ಹತ್ತಿರವಿದ್ದವರು ಬೇಸಿಗೆಯಲ್ಲೇ ಹೊಡೆಸಿ, ಹೆಂಟೆ ಬಿಸಿಲಿಗೆ ಒಡೆಯಲು ಬಿಡಿ, ಅದರ ಮೇಲೆ ಅಪ್ಸೆಣಬು ಚೆಲ್ಲಿ. ಬೀಜವನ್ನು ಮಾತ್ರ ಭರಣಿ ಹುಟ್ಟುವ ಮೊದಲೇ ತಂದಿಟ್ಟುಕೊಳ್ಳಿ.