“ಬೋರ್ಡ್ ಹೋಗಿದೆ ಸರ್” ಎನ್ನುವವರ ಕೈಗೆ ಕಂಪ್ಯೂಟರ್ ಕೊಡುವ ಮೊದಲು ಇದನ್ನು ಓದಿ

ಬಿಡಿಭಾಗ ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸಿಕೊಂಡವರು, ಅದು ಕೆಟ್ಟರೆ ಮಂಗಳೂರಿನ ಹಂಪನಕಟ್ಟೆ ಕಡೆಗೆ ಹೊರಡುವವರು, ದಯವಿಟ್ಟು ಪೂರ್ತಿ ಓದಿ. ದೂರು ನಡೆಯುತ್ತಿರುವುದರಿಂದ ಅಂಗಡಿಯ ಹೆಸರು ಬರೆಯುವುದಿಲ್ಲ. ಅವರು ಆಡಿದ ಮಾತುಗಳನ್ನು ಮಾತ್ರ ಬರೆದೇ ಬರೆಯುತ್ತೇನೆ, ಏಕೆಂದರೆ ನಾಳೆ ನಿಮಗೂ ಅದನ್ನೇ ಹೇಳುತ್ತಾರೆ.

ಮೇ ಕೊನೆಗೆ ಬರುವ ಪತ್ತನಾಜೆಗೆ, ಅಂದರೆ ತುಳುನಾಡಿನಲ್ಲಿ ಆಟ, ಉತ್ಸವಗಳ ಋತು ಮುಗಿಯುವ ದಿನಕ್ಕೆ, ಮುಂಚಿನ ದಿನಗಳು. ಮದುವೆ ವಿಡಿಯೊ, ಯಕ್ಷಗಾನ ಆಟದ ರೆಕಾರ್ಡಿಂಗ್, ಎಲ್ಲದರ ಎಡಿಟಿಂಗ್ ರಾಶಿ ಬಿದ್ದಿತ್ತು. ಸಂಜೆ ಸಿಡಿಲು ಮಳೆ ಬಂದು ಹೋಯಿತು. ಮರುದಿನ ಬಟನ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದರೂ ಅಷ್ಟೇ. ಗ್ರಾಫಿಕ್ಸ್ ಕಾರ್ಡ್ ಕಳಚಿದೆ, ರ‍್ಯಾಮ್ ಒಂದೊಂದೇ ಹಾಕಿ ನೋಡಿದೆ, ಬೋರ್ಡಿನ (ಎಲ್ಲ ಭಾಗಗಳನ್ನೂ ಜೋಡಿಸುವ ಮದರ್‌ಬೋರ್ಡಿನ) ಬಟನ್ ಸೆಲ್ ತೆಗೆದು ಮತ್ತೆ ಹಾಕಿದೆ, 24 ಪಿನ್ನಿನ ಕೇಬಲ್ಲನ್ನೂ ಪ್ರೊಸೆಸರ್ ಪಕ್ಕದ 8 ಪಿನ್ನಿನದನ್ನೂ ಬಿಚ್ಚಿ ಬಿಗಿಯಾಗಿ ಕೂರಿಸಿದೆ. ಉಳಿದದ್ದು ಎಸ್‌ಎಂಪಿಎಸ್, ಅಂದರೆ ಎಲ್ಲ ಭಾಗಗಳಿಗೂ ಕರೆಂಟು ಒದಗಿಸುವ ಪೆಟ್ಟಿಗೆ. ಬದಲಿಸಿ ನೋಡಲು ಮನೆಯಲ್ಲಿ ಇನ್ನೊಂದಿರಲಿಲ್ಲ. ಅದೊಂದು ಪರೀಕ್ಷೆಗಾಗಿಯೇ ಅಂಗಡಿಗೆ ಹೋದದ್ದು. “ಬೇರೆ ಎಸ್‌ಎಂಪಿಎಸ್ ಹಾಕಿ ನೋಡಿ” ಎಂದು ಬಾಯಿಬಿಟ್ಟು ಹೇಳಿದ್ದೆ.

ಹಾಕಲಿಲ್ಲ. ತುಂಡು ತಂತಿಯೊಂದನ್ನು ಬಾಗಿಸಿ, 24 ಪಿನ್ನಿನ ಕನೆಕ್ಟರಿನ ಹಸಿರು ತಂತಿಗೂ ಕಪ್ಪು ತಂತಿಗೂ ಸೇರಿಸಿದರು. ಎಸ್‌ಎಂಪಿಎಸ್ ಫ್ಯಾನ್ ತಿರುಗಿತು. “ನೋಡಿ ಸರ್, ಇದು ಸರಿ ಇದೆ. ಬೋರ್ಡ್ ಹೋಗಿದೆ.” ಮುಗಿಯಿತು, ಅಷ್ಟೇ ತಪಾಸಣೆ! ಆ ಪರೀಕ್ಷೆಯಿಂದ ತಿಳಿಯುವುದು ಎಸ್‌ಎಂಪಿಎಸ್ ಎಚ್ಚರಗೊಳ್ಳುತ್ತದೆ ಎಂಬುದು ಮಾತ್ರ. ಬೋರ್ಡಿನ ಭಾರ ಬಿದ್ದಾಗ 12 ವೋಲ್ಟಿನ ಲೈನ್ ಕನಿಷ್ಠ ಮಿತಿಯಾದ 11.4ಕ್ಕಿಂತ ಕೆಳಗೆ ಕುಸಿಯುತ್ತದೆಯೋ ಇಲ್ಲವೋ, ‘ಎಲ್ಲ ಸರಿಯಿದೆ’ ಎಂಬ ಸಂಕೇತ ಬೋರ್ಡಿಗೆ ಹೋಗುತ್ತದೆಯೋ ಇಲ್ಲವೋ, ಅದರಿಂದ ಗೊತ್ತಾಗುವುದೇ ಇಲ್ಲ. ರಿಪೇರಿಯನ್ನೇ ವೃತ್ತಿ ಮಾಡಿಕೊಂಡವರಿಗೆ ಇದು ತಿಳಿಯದೆ? ಮಲ್ಟಿಮೀಟರ್ ಮೇಜಿನ ಮೇಲೆಯೇ ಬಿದ್ದಿತ್ತು, ಮುಟ್ಟಲಿಲ್ಲ.

ಬೋರ್ಡಿಗೆ ಇನ್ನೂ ವಾರಂಟಿ ಇದೆಯಲ್ಲ ಎಂದೆ. “ನೀವೇ ಅಸೆಂಬಲ್ ಮಾಡಿದ್ದಲ್ಲವಾ ಸರ್, ಅದಕ್ಕೆಲ್ಲ ವಾರಂಟಿ ಸಿಗುವುದಿಲ್ಲ.” ಹಸಿ ಸುಳ್ಳು. ಬಿಡಿಯಾಗಿ ಕೊಂಡ ಭಾಗಗಳಿಗೆ ವಾರಂಟಿ ಇರುವುದು ಆಯಾ ಭಾಗದ ಸೀರಿಯಲ್ ನಂಬರಿನ ಮೇಲೆ, ಜೋಡಿಸಿದವರು ಯಾರು ಎಂಬುದರ ಮೇಲಲ್ಲ. ತುಳುವಿನಲ್ಲಿ “ಅಣ್ಣ, ಅಣ್ಣ” ಎಂದು ಮಾತನಾಡಿಸುತ್ತ, ನಮ್ಮವರೇ ಎಂಬ ನಂಬಿಕೆ ಹುಟ್ಟಿಸುತ್ತ ಈ ಸುಳ್ಳು ಹೇಳಿದರಲ್ಲ, ಅದು ನನ್ನನ್ನು ಹಣಕ್ಕಿಂತ ಹೆಚ್ಚು ಚುಚ್ಚುತ್ತಿದೆ.

ಹೊಸ ಬೋರ್ಡಿಗೆ 9,500 ರೂಪಾಯಿ, ಕೂಲಿ ಬೇರೆ. ಮೇಜಿನ ಮೇಲೆ ಚಾಲೂ ಮಾಡಿ ತೋರಿಸಿದರು, ಪರದೆಯೂ ಬಂತು. ಆದರೆ ಅದಕ್ಕೆ ಹಾಕಿದ್ದು ಅವರ ಎಸ್‌ಎಂಪಿಎಸ್! ನನ್ನದನ್ನೇಕೆ ಹಾಕಲಿಲ್ಲ ಎಂದರೆ, “ನಿಮ್ಮದರ ಕೇಬಲ್ ಗಿಡ್ಡ ಸರ್, ಮೇಜಿಗೆ ಎಟಕುವುದಿಲ್ಲ. ಸಂಜೆ ಬನ್ನಿ, ಕ್ಯಾಬಿನೆಟ್‌ಗೆ ಕೂರಿಸಿ ಇಡುತ್ತೇವೆ.”

ಮನೆಗೆ ತಂದು ಬಟನ್ ಒತ್ತಿದೆ. ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತಿತು. ಅದೇ ಅರ್ಧ ಸುತ್ತು! 9,500 ರೂಪಾಯಿ ಕೊಟ್ಟ ಮೇಲೂ ಅದೇ ಅರ್ಧ ಸುತ್ತು. ಕೈಕಾಲು ನಡುಗಿತು. ಮನೆಯವರು “ಸರಿಯಾಯಿತಾ?” ಎಂದು ಕೇಳಿದಾಗ ಮುಖ ತೋರಿಸಲು ನಾಚಿಕೆಯಾಯಿತು.

ಬಿಜೈಯ ಗೆಳೆಯ ತನ್ನ ಕಂಪ್ಯೂಟರಿನಿಂದ ಎಸ್‌ಎಂಪಿಎಸ್ ಬಿಚ್ಚಿ ತಂದ. ಹಾಕಿದ ಕೂಡಲೇ ಎಲ್ಲವೂ ಓಡಿತು. ಹಾಗಾದರೆ ಕೆಟ್ಟದ್ದು ಎಸ್‌ಎಂಪಿಎಸ್. ಮೊದಲ ದಿನ ನಾನು ಹೇಳಿದ್ದೂ ಅದನ್ನೇ ಅಲ್ಲವೇ? ಆಗಲೇ ಗೆಳೆಯ ಟಾರ್ಚ್ ಹಿಡಿದು “ಇಲ್ಲಿ ನೋಡು” ಎಂದ. ‘ಹೊಸ’ ಬೋರ್ಡಿನ ಸ್ಕ್ರೂ ತೂತುಗಳ ಸುತ್ತ ಹಿಂದೆ ಬಿಗಿದು ಬಿಚ್ಚಿದ ಗೀರುಗಳು. ಪ್ರೊಸೆಸರ್ ಕೂರುವ ಚೌಕದ ಅಂಚಿನಲ್ಲಿ ಒಣಗಿ ಬೂದಿ ಬಣ್ಣಕ್ಕೆ ತಿರುಗಿದ ಥರ್ಮಲ್ ಪೇಸ್ಟ್, ಪ್ರೊಸೆಸರಿನ ಬಿಸಿ ಹೊರಹೋಗಲು ಹಚ್ಚುವ ಲೇಪ. ಡಬ್ಬಿಯ ಮೇಲಿನ ಸೀರಿಯಲ್ ನಂಬರ್ ಒಂದು, ಬೋರ್ಡಿನದು ಇನ್ನೊಂದು.

ಫೋನ್ ಮಾಡಿದೆ. “ಟೆಸ್ಟಿಂಗ್ ಮಾಡುವಾಗ ಸ್ಕ್ರೂ ಹಾಕುತ್ತೇವೆ ಸರ್.” ಸೀರಿಯಲ್ ನಂಬರ್? “ಕಂಪನಿಯವರ ಮಿಸ್ಟೇಕ್.” ನನ್ನ ಹಳೆಯ ಬೋರ್ಡ್ ವಾಪಸ್ ಕೊಡಿ, ನಾನೇ ಪರೀಕ್ಷಿಸುತ್ತೇನೆ ಎಂದೆ. “ಅದು ಎಕ್ಸ್‌ಚೇಂಜ್‌ನಲ್ಲಿ ಹೋಯಿತಲ್ಲ ಸರ್.” ಎಕ್ಸ್‌ಚೇಂಜ್ ಎಂದು ಹೇಳಿದವರು ಯಾರು? ಅವರು ಕೊಟ್ಟ ಚೀಟಿಯಲ್ಲಿ ಒಂದು ರೂಪಾಯಿಯೂ ಕಳೆದಿಲ್ಲ. ಜಿಎಸ್‌ಟಿ ನಂಬರೂ ಇಲ್ಲ. ಮರುದಿನ ಅದೇ ಬೋರ್ಡ್ “ಸ್ಕ್ರ್ಯಾಪ್‌ಗೆ ಹೋಗಿದೆ” ಎಂದಾಯಿತು. ಅಂಗಡಿಗೇ ಹೋಗಿ ನಿಂತಾಗ ಬೇರೆ ಗಿರಾಕಿಗಳ ಎದುರು, “ಮನೆಯಲ್ಲಿ ಏನೇನೋ ಬಿಚ್ಚಿ ಹಾಳು ಮಾಡಿಕೊಂಡು ಬರುತ್ತಾರೆ ಮಾರಾಯರೇ” ಎಂದರು. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ಆ ಮಾತನ್ನು ನಾನು ಮರೆಯುವುದಿಲ್ಲ.

ಹೇಳುವುದು ಇಷ್ಟೇ. ಕೊಡುವ ಮೊದಲು ಪ್ರತಿ ಭಾಗದ ಸೀರಿಯಲ್ ನಂಬರಿನ ಫೋಟೊ ತೆಗೆದಿಡಿ. ಬೇರೆ ಎಸ್‌ಎಂಪಿಎಸ್ ಹಾಕಿ ನೋಡದೆ ‘ಬೋರ್ಡ್ ಹೋಗಿದೆ’ ಎಂದರೆ ಕ್ಯಾಬಿನೆಟ್ ಎತ್ತಿಕೊಂಡು ಹೊರಟುಬಿಡಿ. ಬಿಚ್ಚಿದ ಭಾಗ ಕೆಟ್ಟಿರಲಿ, ಸುಟ್ಟಿರಲಿ, ನಿಮ್ಮದು, ಕೇಳಿ ತನ್ನಿ. ನಿಮ್ಮದೇ ಎಸ್‌ಎಂಪಿಎಸ್‌ನಲ್ಲಿ ಓಡಿಸಿ ತೋರಿಸುವವರೆಗೆ ದುಡ್ಡು ಬಿಚ್ಚಬೇಡಿ.

ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ನನ್ನ ಹಳೆಯ ಬೋರ್ಡನ್ನೇ ‘ಹೊಸದು’ ಎಂದು ಇನ್ನಾರಿಗೋ ಹಾಕಿರಬಹುದು ಎಂಬ ಅನುಮಾನ ನನಗಿದೆ. ಅದರ ಸೀರಿಯಲ್ ನಂಬರ್ ಕೊಂಡಾಗಿನ ಬಿಲ್ಲಿನಲ್ಲಿದೆ. ಮೇ ತಿಂಗಳ ನಂತರ ಹಂಪನಕಟ್ಟೆ ಸುತ್ತಮುತ್ತ ಬೋರ್ಡ್ ಹಾಕಿಸಿಕೊಂಡವರು ಯಾರಾದರೂ ಇದ್ದರೆ ತಿಳಿಸಿ, ನಂಬರ್ ಕಳುಹಿಸುತ್ತೇನೆ, ತಾಳೆ ನೋಡಿ.